ಎಡಚಣ್ಣ ಚೀಲ ಕಟ್ಟಿಕೊಂಡು ನೋಡಿದ್ದು

ಕುರ್ಚಿಯಲ್ಲಿ ಗಿರಾಕಿ ಕೂತು ಕೊರಳಿಗೆ ಬಟ್ಟೆ ಸುತ್ತಿಸಿಕೊಂಡರೆ ಸಾಕು, ಎಡಚಣ್ಣನ ಬಾಯಿ ತೆರೆದುಕೊಳ್ಳುತ್ತಿತ್ತು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಮನೆಯ ಮಾಳಿಗೆ ಸೋರುತ್ತಿದೆ, ಯಾವ ಬ್ಯಾಂಕಿನ ಮ್ಯಾನೇಜರು ಮೀಸೆಗೂ ಬಣ್ಣ ಹಚ್ಚಿಸುತ್ತಾನೆ, ಎಲ್ಲ ಪುಕ್ಕಟೆ. ಅಂಥ ಮಾತಿನಮಲ್ಲ ಅಂದು ಆಸ್ಪತ್ರೆಯಲ್ಲಿ ಡಾಕ್ಟರಮ್ಮನ ಎದುರು ಕೂತು, ಬಾಯಲ್ಲಿ ನಾಲಿಗೆಯೇ ಇಲ್ಲದವನ ಹಾಗೆ ಮೇಜಿನ ಮೇಲಿದ್ದ ಪೆನ್ನು ನೋಡುತ್ತಿದ್ದ. ಪಕ್ಕದಲ್ಲಿ ಹೆಂಡತಿ ಕೂತಿದ್ದಳು. ಡಾಕ್ಟರಮ್ಮ ಕೇಳಿದ್ದು ಇಷ್ಟೇ.

"ಎರಡು ದಾರಿ ಇದೆ. ಯಾವುದು ಅಂತ ನೀವೇ ಹೇಳ್ಬೇಕು."

ಅವನ ಕಾಯಿಲೆ ಹೇಳಿಕೊಳ್ಳುವಂಥ ಜಾಗದ್ದಲ್ಲ. ಎದೆಯೋ ಗಂಟಲೋ ಆಗಿದ್ದರೆ ನಾಲ್ಕು ಜನರ ಮುಂದೆ ಕೈಯಿಟ್ಟು ತೋರಿಸಬಹುದಿತ್ತು. ಇದು ಕರುಳು ಮುಗಿಯುವ ಕಡೆ, ಕೂರುವ ಜಾಗಕ್ಕೆ ತೀರ ಹತ್ತಿರ ಎದ್ದ ಗಂಟು. ಮೊದಮೊದಲು ರಕ್ತ ಕಂಡಾಗ ಮೂಲವ್ಯಾಧಿ ಎಂದು ಯಾರೋ ಹೇಳಿದ ಮುಲಾಮು ಹಚ್ಚಿಕೊಂಡು ಸುಮ್ಮನಿದ್ದ. ಆಮೇಲೆ ಪರೀಕ್ಷೆ, ಕ್ಯಾನ್ಸರ್ ಎಂಬ ಮಾತು, ವಾರಗಟ್ಟಲೆ ಕರೆಂಟ್ ಎನ್ನುವ ರೇಡಿಯೇಷನ್ ಕೊಟ್ಟಿದ್ದು, ಕೀಮೋ ಹನಿಸಿದ್ದು, ಕೂದಲು ತೆಳ್ಳಗಾಗಿದ್ದು. ಬೇರೆಯವರ ಕೂದಲು ಕತ್ತರಿಸಿ ಬದುಕುವವನಿಗೆ ತನ್ನ ಕೂದಲು ದಿಂಬಿನ ಮೇಲೆ ಸಿಗುತ್ತಿತ್ತು. ಅಷ್ಟೆಲ್ಲ ಪಟ್ಟ ಪಾಡಿಗೆ ಗಂಟು ಚಿಕ್ಕದಾಗಿದೆ ಎಂದರು. ಇನ್ನು ಉಳಿದದ್ದು ಆಪರೇಷನ್.

ಡಾಕ್ಟರಮ್ಮ ಬಿಡಿಸಿಯೇ ಹೇಳಿದರು. ಒಂದು, ಗಂಟಿರುವ ಭಾಗ ಕತ್ತರಿಸಿ ತೆಗೆದು ಮೇಲಿನ ಕರುಳನ್ನು ಕೆಳಗೆಳೆದು ಕೂಡಿಸುವುದು. ಹಳೆಯ ದಾರಿ ಉಳಿಯುತ್ತದೆ. ಕೂಡಿಸಿದ್ದು ಗಟ್ಟಿಯಾಗುವ ತನಕ ಕೆಲವು ತಿಂಗಳು ಹೊಟ್ಟೆಯ ಮೇಲೆ ಚೀಲ, ಆಮೇಲೆ ಅದನ್ನು ತೆಗೆದುಬಿಡುತ್ತಾರೆ. ಆದರೆ ತಡೆದುಕೊಳ್ಳುವ ಶಕ್ತಿ ಮೊದಲಿನ ಹಾಗೆ ಬರುತ್ತದೆಂದು ಯಾರೂ ಭಾಷೆ ಕೊಡಲಾರರು. ಮೇಲಿಂದ ಮೇಲೆ ಓಡಬೇಕಾಗಬಹುದು. ಎರಡು, ಕೆಳಗಿನದನ್ನೆಲ್ಲ ತೆಗೆದು ಆ ಬಾಗಿಲು ಶಾಶ್ವತವಾಗಿ ಹೊಲಿದುಬಿಡುವುದು, ಹೊಟ್ಟೆಯ ಮೇಲೆ ಹೊಸ ಬಾಯಿ, ಅದಕ್ಕೆ ಜೀವಮಾನವೆಲ್ಲ ಚೀಲ. ಕ್ಯಾನ್ಸರಿನ ಮಟ್ಟಿಗೆ ನಿಮಗೆ ಎರಡೂ ಒಂದೇ, ಬದುಕೋ ರೀತಿ ಮಾತ್ರ ಬೇರೆ, ಅದಕ್ಕೇ ನಾನು ಹೇಳೋಕಾಗಲ್ಲ ಎಂದರು. ಹತ್ತು ದಿನ ಬಿಟ್ಟು ಬರಲು ಹೇಳಿದರು. ಎಡಚಣ್ಣ ತಲೆಯಾಡಿಸಿದ. ಯಾವುದಕ್ಕೆ ತಲೆಯಾಡಿಸಿದ್ದು ಎಂದು ಅವನಿಗೇ ಗೊತ್ತಿರಲಿಲ್ಲ.

ಅಲ್ಲಿಂದ ಅವರನ್ನು ಕಾರಿಡಾರಿನ ತುದಿಯ ಸಣ್ಣ ಕೋಣೆಗೆ ಕಳಿಸಿದರು. ಅಲ್ಲಿದ್ದ ನರ್ಸಮ್ಮನನ್ನು ರೋಗಿಗಳೆಲ್ಲ ಚೀಲದ ಸಿಸ್ಟರ್ ಅನ್ನುತ್ತಿದ್ದರು, ಆಕೆಗೂ ಅದರಲ್ಲಿ ಬೇಜಾರಿರಲಿಲ್ಲ. ಚೀಲವೆಂದರೆ ತರಕಾರಿ ಚೀಲ ಅಂದುಕೊಳ್ಳಬೇಡಿ ಮತ್ತೆ. ಅಂಗೈಗಿಂತ ತುಸು ದೊಡ್ಡದು, ಮೈಬಣ್ಣದ್ದು, ಒಂದು ಬದಿಗೆ ಅಂಟು, ಕೆಳಗೆ ಮಡಚಿ ಮುಚ್ಚುವ ಬಾಯಿ. ಸಿಸ್ಟರು ಅದನ್ನು ಮುಟ್ಟಿಸಿ, ಮಡಚಿಸಿ, ತೆಗೆದು ಹಾಕಿ ತೋರಿಸಿದರು. ಗಂಡಹೆಂಡಿರ ನಡುವಿನ ವಿಷಯದಲ್ಲೂ ಯಾವ ಆಪರೇಷನ್ನಾದರೂ ತೊಂದರೆ ಆಗಬಹುದು ಎಂದು ಸಹಜವಾಗಿಯೇ ಹೇಳಿದಾಗ ಇಬ್ಬರೂ ನೆಲ ನೋಡಿದರು. ಕೊನೆಗೆ ಆಕೆ ಎರಡು ಚೀಲ ಮತ್ತು ಒಂದು ಚಿತ್ರದ ಹಾಳೆ ಕೊಟ್ಟು, ಕಾಯಂ ಚೀಲ ಹೇಗಿರುತ್ತೋ ನೋಡಬೇಕಾದರೆ ಇದರಲ್ಲಿ ಸ್ವಲ್ಪ ನೀರು ತುಂಬಿ, ಚಿತ್ರದಲ್ಲಿರೋ ಜಾಗಕ್ಕೆ ಅಂಟಿಸಿಕೊಂಡು ಒಂದು ದಿನ ಕೆಲಸ ಮಾಡಿ ನೋಡಿ, ಸುಮ್ಮನೆ ಹೆದರಿಕೊಂಡು ನಿರ್ಧಾರ ಮಾಡಬೇಡಿ ಎಂದರು. ಎಡ ಬಲ ಎಲ್ಲ ಹೇಳಿದ್ದರು ಪಾಪ. ಎಡಚಣ್ಣನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಮನೆಗೆ ಬಂದರೆ ಅಕ್ಕ ಆಗಲೇ ಬಂದು ಕೂತಿದ್ದಳು. ಇವನ ಅಕ್ಕನೆಂದರೆ ಸಾಮಾನ್ಯಳಲ್ಲ. ತಾಯಿ ಬೇಗ ಹೋದಮೇಲೆ ಇಬ್ಬರು ತಮ್ಮಂದಿರನ್ನು ಸಾಕಿದವಳು, ಆ ಸಾಕುವಿಕೆ ಇನ್ನೂ ಮುಗಿದಿಲ್ಲ ಎಂದು ನಂಬಿದವಳು. ವಿಷಯ ಕೇಳಿದ್ದೇ ತೀರ್ಪು ಕೊಟ್ಟಳು.

"ಇದರಲ್ಲಿ ಯೋಚನೆ ಮಾಡೋದೇನಿದೆಯೋ? ದಾರಿ ಉಳಿಸಿಕೊಡ್ತೀವಿ ಅಂತ ಅವರೇ ಹೇಳ್ತಿರುವಾಗ ಹೊಟ್ಟೆ ಮೇಲೆ ಅದನ್ನ ಕಟ್ಟಿಸಿಕೊಂಡು ತಿರುಗ್ತೀಯಾ? ನಾಳೆ ನಿನ್ನ ಅಂಗಡಿಗೆ ನಾಯಿನೂ ಬರಲ್ಲ."

ಅಂಗಡಿಯಲ್ಲಿ ಎರಡನೇ ಕುರ್ಚಿ ನೋಡಿಕೊಳ್ಳುತ್ತಿದ್ದ ತಮ್ಮ, ಅಣ್ಣನಿಗೆ ಹೇಗೆ ಸರಿಯೋ ಹಾಗೆ ಎಂದು ಗೊಣಗಿದ. ಅಕ್ಕ ಅವನನ್ನೂ ತರಾಟೆಗೆ ತೆಗೆದುಕೊಂಡಳು. ಎಡಚಣ್ಣ ಹೆಂಡತಿಯ ಮುಖ ನೋಡಿದ. ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ, ಸೆರಗಿನ ತುದಿ ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಒಂದು ಮಾತೂ ಆಡಲಿಲ್ಲ.

ಆ ಮೌನವನ್ನು ಅವನು ತನಗೆ ಬೇಕಾದ ಹಾಗೆ ಓದಿಕೊಂಡ. ಹೆಂಡತಿ ಶಿಶುವಿಹಾರದಲ್ಲಿ ಆಯಾ. ಬೆಳಗಾದರೆ ಯಾರ್ಯಾರದೋ ಮಕ್ಕಳ ಚಡ್ಡಿ ಬಿಚ್ಚಿ, ತೊಳೆದು, ಒರೆಸಿ, ಪೌಡರು ಹಚ್ಚಿ, ಸಂಜೆಗೆ ಕೈಗೆಲ್ಲ ಡೆಟಾಲಿನ ವಾಸನೆ ಹೊತ್ತು ಬರುವವಳು. ಮನೆಗೆ ಬಂದ ಮೇಲೂ ಅವಳಿಗೆ ಅದೇ ಕೆಲಸವೇ? ತಾನು ಅವಳ ಕೈಗೆ ಇನ್ನೊಂದು ಮಗುವಾಗಿಬಿಡುತ್ತೇನೆ, ಅದೂ ಮೀಸೆ ಬಂದ ಮಗು, ಎಂಬ ಯೋಚನೆ ಅವನನ್ನು ಬಿಡಲಿಲ್ಲ. ಕಾಯಿಲೆಗಿಂತ ಅವನನ್ನು ಹೆಚ್ಚು ತಿಂದದ್ದು ಇದೇ. ಹೇಳಿಕೊಂಡನೇ? ಇಲ್ಲ. ಊರಿನವರದೆಲ್ಲ ಹೇಳುತ್ತಾನೆ, ತನ್ನದು ಮಾತ್ರ ಹೇಳಲಾರ.

ಆದರೂ ಸಿಸ್ಟರು ಕೊಟ್ಟ ಚೀಲ ಕಣ್ಣಿಗೆ ಬೀಳುತ್ತಲೇ ಇತ್ತು. ವಾರ ಕಳೆದು ಒಂದು ಬೆಳಿಗ್ಗೆ ತಮ್ಮ ಬರುವ ಮೊದಲೇ ಅಂಗಡಿಗೆ ಹೋಗಿ ಷಟರು ಎತ್ತಿದ. ಎರಡು ಕುರ್ಚಿ, ಗೋಡೆಯುದ್ದಕ್ಕೂ ಒಂದೇ ಕನ್ನಡಿ, ಅದರ ಕೆಳಗೆ ಕಲ್ಲಿನ ಹಲಗೆ, ಹಲಗೆಯ ಮೇಲೆ ಕತ್ತರಿ, ಬಾಚಣಿಗೆ, ಬ್ರಷ್ಷು, ಸ್ಪ್ರೇ ಬಾಟಲಿ. ಅಂಗಿ ಮೇಲಕ್ಕೆತ್ತಿ ಕನ್ನಡಿಯ ಮುಂದೆ ನಿಂತು, ಚಿತ್ರದ ಹಾಳೆಯನ್ನು ಕನ್ನಡಿಗೆ ಒರಗಿಸಿಟ್ಟ. ಹಾಳೆಯಲ್ಲಿ ನಮ್ಮ ಕಡೆ ಮುಖ ಮಾಡಿ ನಿಂತ ಒಬ್ಬ ಮನುಷ್ಯ, ಅವನ ಹೊಟ್ಟೆಯ ಒಂದು ಪಕ್ಕಕ್ಕೆ ಕೆಂಪು ಸುತ್ತು. ಎಡಚಣ್ಣ ಒಮ್ಮೆ ಹಾಳೆ ನೋಡಿದ, ಒಮ್ಮೆ ಕನ್ನಡಿಯೊಳಗಿನ ತನ್ನನ್ನು ನೋಡಿದ, ಎರಡೂ ತಾಳೆಯಾಗುವ ಹಾಗೆ ಚೀಲ ಅಂಟಿಸಿಕೊಂಡ. ಇಷ್ಟು ವರ್ಷ ಅವನು ಮಾಡಿಕೊಂಡು ಬಂದ ಕೆಲಸವೇ ಅದು. ಗಿರಾಕಿ ಯಾವುದೋ ಫೋಟೊ ತಂದು, ನನಗೂ ಬೈತಲೆ ಹೀಗೆ ಬೇಕು ಎಂದರೆ, ಫೋಟೊ ಪಕ್ಕಕ್ಕಿಟ್ಟು ಕನ್ನಡಿಯಲ್ಲಿ ಹಾಗೇ ಕಾಣುವಂತೆ ಬೈತಲೆ ತೆಗೆಯುವುದು. ಗಿರಾಕಿಯೂ ಕನ್ನಡಿಯಲ್ಲೇ ತನ್ನನ್ನು ನೋಡಿ ಖುಷಿಪಟ್ಟು ಹೋಗುತ್ತಾನೆ, ಯಾವ ತಕರಾರೂ ಇಲ್ಲ.

ಸ್ವಲ್ಪ ನೀರು ಎಂದು ಸಿಸ್ಟರು ಹೇಳಿದ್ದರು. ಇವನು ಹೆಚ್ಚೇ ತುಂಬಿದ. ಮಾಡುವುದಾದರೆ ಸರಿಯಾಗಿ ಮಾಡೋಣ ಎಂದುಕೊಂಡನೋ, ಸೋರಲಿ ಎಂದುಕೊಂಡನೋ, ಆ ಪ್ರಶ್ನೆ ಸದ್ಯಕ್ಕೆ ಇರಲಿ.

ಮೊದಲ ಗಿರಾಕಿಗೆ ಏನೂ ಆಗಲಿಲ್ಲ. ಎರಡನೆಯವರು ರಿಟೈರಾದ ಮೇಷ್ಟ್ರು. ವಾರಕ್ಕೊಂದು ಸಲ ಶೇವಿಂಗಿಗೆ ಬಂದು, ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚಾಚಿ ಕಣ್ಣು ಮುಚ್ಚಿದರೆ ಅರ್ಧ ನಿದ್ದೆ. ಈಗ ಒಂದು ವಿಷಯ ಗಮನಿಸಬೇಕು. ಎಡಚಣ್ಣನ ಹಾಗೆ ಎಡಗೈಯಲ್ಲಿ ಕತ್ತಿ ಹಿಡಿಯುವವನು ಗಿರಾಕಿಯ ಎಡಕ್ಕೆ ನಿಲ್ಲುತ್ತಾನೆ, ಕುರ್ಚಿ ಅವನ ಬಲಮಗ್ಗುಲಿಗೆ ಬರುತ್ತದೆ. ಆಚೆ ಕೆನ್ನೆಗೆ ಬಾಗಿದಾಗೆಲ್ಲ ಕುರ್ಚಿಯ ಕಬ್ಬಿಣದ ಕೈ ಅವನ ಬಲಹೊಟ್ಟೆಗೇ ಒತ್ತುತ್ತದೆ. ಅವನ ಅಂಗಿಗಳೆಲ್ಲ ಸವೆಯುವುದೂ ಆ ಒಂದು ಜಾಗದಲ್ಲೇ. ಮೇಷ್ಟ್ರ ಆಚೆ ಕೆನ್ನೆಗೆ ಬಾಗಿದ. ಹೊಟ್ಟೆಯ ಹತ್ತಿರ ಏನೋ ಪಿಚಕ್ ಎಂದಿತು. ಬೆಚ್ಚಗಿನ ನೀರು ತೊಡೆಗುಂಟ ಇಳಿದು, ಪ್ಯಾಂಟು ತೋಯಿಸಿ, ಮೇಷ್ಟ್ರ ಚಪ್ಪಲಿಯ ಮೇಲೆ ಸುರಿಯಿತು.

ಮೇಷ್ಟ್ರು ಕಣ್ಣು ಬಿಟ್ಟರು. ಒದ್ದೆಯಾದ ಕಾಲು ನೋಡಿದರು, ಇವನ ಪ್ಯಾಂಟು ನೋಡಿದರು. ಅವರಿಗೆ ಅರ್ಥವಾದದ್ದು ಬೇರೆಯೇ ಇರಬೇಕು. ಏನೂ ಕೇಳದೆ ಮತ್ತೆ ಕಣ್ಣು ಮುಚ್ಚಿಕೊಂಡುಬಿಟ್ಟರು. ದೊಡ್ಡ ಮನುಷ್ಯರ ಆ ದೊಡ್ಡತನ ಇದೆಯಲ್ಲ, ಅದು ಬೈಗುಳಕ್ಕಿಂತ ಕೆಟ್ಟದ್ದು. ಬರೀ ನೀರು ಮೇಷ್ಟ್ರೇ, ನಲ್ಲಿ ನೀರು ಎಂದು ಹೇಳಲು ಬಾಯಿ ತೆರೆದ ಎಡಚಣ್ಣ ಮತ್ತೆ ಕತ್ತಿಯನ್ನು ಕೆನ್ನೆಗಿಟ್ಟ. ತಮ್ಮ ಓಡಿಬಂದು ನೆಲ ಒರೆಸಿದ. ಇವನು ಶೇವಿಂಗು ಮುಗಿಸಿ, ಒಂದು ಗಾಯವನ್ನೂ ಮಾಡದೆ ಮುಗಿಸಿ, ಹಿಂದಿನ ಬಾಗಿಲಿನಿಂದ ಮನೆಗೆ ಹೋದ.

ಸಂಜೆ ಅಕ್ಕನಿಗೆ ಫೋನು ಮಾಡಿ, ನೀನು ಹೇಳಿದ್ದೇ ಸರಿ, ಕೂಡಿಸೋದೇ ಮಾಡಿಸ್ತೀನಿ, ಚೀಲ ನನ್ನ ಕೆಲಸಕ್ಕೆ ಆಗಿಬರಲ್ಲ, ಪರೀಕ್ಷೆ ಮಾಡಿಯೇ ನೋಡಿದೆ ಎಂದ. ಹೆಂಡತಿ ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿ ಕೇಳಿಸಿಕೊಂಡಳು, ಮತ್ತೆ ಮಡಚತೊಡಗಿದಳು. ಅಕ್ಕ ಫೋನಿನಲ್ಲೇ ದೇವರಿಗೆ ಕೈಮುಗಿದಳು.

ಡಾಕ್ಟರಮ್ಮ ಹೇಳಿದ್ದ ಹತ್ತು ದಿನ ಕಳೆದು ಮತ್ತೆ ಆಸ್ಪತ್ರೆ. ಆಪರೇಷನ್ನಿಗೆ ಮೊದಲು ಹೊಟ್ಟೆಯ ಮೇಲೆ ಗುರುತು ಹಾಕಬೇಕೆಂದು ಚೀಲದ ಸಿಸ್ಟರು ಮೊದಲು ತಮ್ಮ ಕೋಣೆಗೇ ಕರೆದರು. ಎಡಚಣ್ಣ ಮಂಚದ ಮೇಲೆ ಮಲಗಿ ಅಂಗಿ ಎತ್ತಿದ. ಸಿಸ್ಟರು ಪೆನ್ನಿನ ಮುಚ್ಚಳ ತೆಗೆದವರು ಅಲ್ಲೇ ನಿಂತರು. ಅವನ ಬಲಹೊಟ್ಟೆಯ ಮೇಲೆ ಅಂಟು ಕಿತ್ತ ಜಾಗ ಇನ್ನೂ ತಿಳಿಗೆಂಪಾಗಿತ್ತು.

"ಇದೇನಿದು, ಇಲ್ಲಿಗೆ ಯಾಕೆ ಹಾಕ್ಕೊಂಡ್ರಿ?"

ಚಿತ್ರದಲ್ಲಿದ್ದ ಹಾಗೇ ಹಾಕಿಕೊಂಡೆ, ಕನ್ನಡಿ ಮುಂದೆ ನಿಂತು ತಾಳೆ ನೋಡಿಯೇ ಹಾಕಿಕೊಂಡೆ ಎಂದು ಅವನು ವಿವರಿಸಿದ. ಸಿಸ್ಟರಿಗೆ ಮೊದಲು ತಲೆಬುಡ ಅರ್ಥವಾಗಲಿಲ್ಲ. ಆಮೇಲೆ ಹಾಳೆ ತಂದು ತಮ್ಮ ಎದೆಗೆ ಹಿಡಿದು ಅವನ ಮುಂದೆ ನಿಂತರು.

"ಇವನು ನಿಮ್ಮೆದುರಿಗೆ ನಿಂತಿರೋನು ಅಣ್ಣಾ, ಕನ್ನಡಿ ಒಳಗಿರೋನಲ್ಲ. ಇದು ಇವನ ಎಡಗಡೆ. ಕಾಯಂ ಚೀಲ ಬರೋದು ಎಡಕ್ಕೆ. ನೀವು ಹಾಕ್ಕೊಂಡಿರೋ ಬಲಗಡೆಗೆ ಬರೋದು, ಕೂಡಿಸೋ ಆಪರೇಷನ್ ಮಾಡಿದ್ರೆ ಕೆಲವು ತಿಂಗಳಿಗೆ ಅಂತ ಹಾಕೋ ಚೀಲ."

ಎಡಚಣ್ಣ ಬೆಪ್ಪಾಗಿ ಸೂರು ನೋಡಿದ. ಯಾವುದನ್ನು ಆಗಿಬರಲ್ಲ ಎಂದು ಬಿಟ್ಟನೋ ಅದನ್ನು ಅವನು ಪರೀಕ್ಷೆಯೇ ಮಾಡಿರಲಿಲ್ಲ, ಯಾವುದು ಬೇಕೆಂದು ಒಪ್ಪಿಕೊಂಡನೋ ಅದರ ಚೀಲವೇ ಮೇಷ್ಟ್ರ ಚಪ್ಪಲಿ ತೋಯಿಸಿದ್ದು. ಬೇರೆ ಯಾರಿಗಾದರೂ ಆಗಿದ್ದರೆ ಈ ಕಥೆಯನ್ನು ಅವನು ಕುರ್ಚಿ ಪಕ್ಕ ನಿಂತು ಒಂದು ವರ್ಷ ಹೇಳಿ ನಗಿಸುತ್ತಿದ್ದ. ತನಗೇ ಆದದ್ದರಿಂದ ಮುಖ ಸಣ್ಣದಾಯಿತು.

ಆದರೂ ಪಟ್ಟು ಬಿಡಲಿಲ್ಲ. ಎಡವೋ ಬಲವೋ, ನಾನು ಕೂಡಿಸೋದಕ್ಕೇ ಮನಸ್ಸು ಮಾಡಿಬಿಟ್ಟಿದ್ದೀನಿ ಎಂದ. ಆಗಲಿ ಎಂದು ಸಿಸ್ಟರು ಸ್ಟೂಲು ಎಳೆದು ಕೂತು ಒಂದೊಂದೇ ಕೇಳಿದರು. ಕರೆಂಟ್ ಕೊಡುವಾಗ ಹೇಗಿತ್ತು, ತಡೆದುಕೊಳ್ಳೋಕೆ ಆಗುತ್ತಿತ್ತೇ, ಕೆಲಸದ ನಡುವೆ ಎದ್ದು ಹೋಗಬೇಕಾಗುತ್ತಿತ್ತೇ, ಬಟ್ಟೆ ಹಾಳಾದದ್ದುಂಟೇ. ಪರವಾಗಿಲ್ಲ, ಹಾಗೇನೂ ತೊಂದರೆ ಇರಲಿಲ್ಲ ಎಂದು ಎಡಚಣ್ಣ ನಗುತ್ತಲೇ ಹೇಳಿದ. ಆ ನಗು ಅವನು ಅರ್ಧಂಬರ್ಧ ಕಟಿಂಗ್ ಮಾಡಿ ಚೆನ್ನಾಗಿದೆ ಸಾರ್ ಅನ್ನುವಾಗಿನ ನಗು.

"ಸುಳ್ಳು ಹೇಳ್ಬೇಡಿ" ಎಂದಳು ಹೆಂಡತಿ.

ಇಷ್ಟು ದಿನದಲ್ಲಿ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. ಸಿಸ್ಟರು ಅವಳ ಕಡೆ ತಿರುಗಿದರು.

"ನೀವು ಬಚ್ಚಲಲ್ಲಿ ಕದ್ದು ಪ್ಯಾಂಟು ಒಗೀತಿದ್ದದ್ದು ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ? ದಿನಾ ಆ ಮಕ್ಕಳದು ತೊಳಿಯೋಳು ನಾನು. ಸೋಪು ಎಷ್ಟು ಹಾಕಿದ್ರೂ ಆ ವಾಸನೆ ನನ್ನಿಂದ ಮುಚ್ಚಿಡೋಕಾಗುತ್ತಾ?"

ಎಡಚಣ್ಣನ ಮುಖ ಕಪ್ಪಿಟ್ಟಿತು. ಅವಳು ನಿಲ್ಲಿಸಲಿಲ್ಲ, ಆದರೆ ದನಿ ಏರಿಸಲೂ ಇಲ್ಲ. ಕತ್ತಿ ಕೆಳಗಿಟ್ಟು ಗಿರಾಕಿಯನ್ನು ನೊರೆ ಸಮೇತ ಕೂರಿಸಿ ಓಡಿಹೋದದ್ದು, ತಮ್ಮ ಬಂದು ಉಳಿದ ಕೆನ್ನೆ ಮುಗಿಸಿದ್ದು, ಕೆಲವರು ಆಮೇಲೆ ತಮ್ಮನ ಕುರ್ಚಿಗೇ ಕೂರತೊಡಗಿದ್ದು, ಎಲ್ಲ ಹೇಳಿದಳು. ತಮ್ಮನೇ ಅತ್ತಿಗೆಗೆ ಹೇಳಿದ್ದನಂತೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರಿಗೂ ಗೊತ್ತಿಲ್ಲವೆಂದು ನಂಬಿದ್ದವನು ಅವನೊಬ್ಬನೇ.

ಸಿಸ್ಟರು ಬೆಣ್ಣೆ ಹಚ್ಚಿ ಮಾತಾಡುವವರಲ್ಲ. ಕೂಡಿಸಿದ ಮೇಲೆ ಹೆಚ್ಚುಕಮ್ಮಿ ಹಾಗೇ ಇರುತ್ತೆ, ಮೊದಲ ವರ್ಷವಂತೂ, ಕೆಲವರಿಗೆ ಆಮೇಲೆ ಸರಿಹೋಗುತ್ತೆ, ಕೆಲವರಿಗೆ ಹೋಗಲ್ಲ, ನೀವು ಯಾರ ಪೈಕಿ ಅಂತ ಈಗ ಹೇಳೋಕಾಗಲ್ಲ ಎಂದರು. ಚೀಲವೇನು ಸುಖ ಅಂತಲ್ಲ, ಚರ್ಮ ಉರಿಯುತ್ತೆ, ಒಮ್ಮೊಮ್ಮೆ ಸೋರುತ್ತೆ, ನಾಲ್ಕು ಜನರ ಮಧ್ಯೆ ಸದ್ದು ಮಾಡಿ ಮರ್ಯಾದೆ ತೆಗೆಯುತ್ತೆ, ಭಾರ ಎತ್ತಿದರೆ ಪಕ್ಕದಲ್ಲಿ ಊದಿಕೊಳ್ಳಬಹುದು. ಆದರೆ ನಿಂತು ಮಾಡೋ ಕೆಲಸ ನಿಂತು ಮುಗಿಸಬಹುದು. ಡಾಕ್ಟರಿಗೆ ನಾನು ಹೇಳ್ತೀನಿ, ಇನ್ನೆರಡು ದಿನ ತಗೊಳ್ಳಿ ಎಂದು ಇನ್ನೊಂದು ಚೀಲ ಕೈಗಿತ್ತರು. ಈ ಸಲ ಎಡಹೊಟ್ಟೆಯ ಮೇಲೆ ಪೆನ್ನಿನಿಂದಲೇ ಸುತ್ತು ಹಾಕಿ ಕಳಿಸಿದರು.

ಬಸ್ಸಿನಿಂದ ಇಳಿಯುವಾಗ ಅವಳು, ನಾಳೆ ಅಂಗಡಿಗೆ ರಜೆ ಅಲ್ವಾ, ನಾನೂ ಮಧ್ಯಾಹ್ನದ ಮೇಲೆ ರಜೆ ಹೇಳಿ ಬರ್ತೀನಿ ಎಂದಳು.

ಮಾರನೆಯ ಮಧ್ಯಾಹ್ನ ಷಟರು ಅರ್ಧ ಇಳಿಸಿ ಇಬ್ಬರೂ ಅಂಗಡಿಯೊಳಗೆ ನಿಂತರು. ಬೀದಿಯ ಬೆಳಕು ಮೊಣಕಾಲಿನ ಮಟ್ಟಕ್ಕೆ ಮಾತ್ರ ಒಳಗೆ ಬರುತ್ತಿತ್ತು. ಅವಳು ಮನೆಯಿಂದ ಒಂದು ಡಬ್ಬಿ ತಂದಿದ್ದಳು. ತೆರೆದರೆ ಹಿಟ್ಟು ಕಲಸಿದ ಗಟ್ಟಿ ನೀರು.

"ಬರೀ ನೀರು ಹಾಕಿದ್ರೆ ಏನು ಗೊತ್ತಾಗುತ್ತೆ? ಆಟ ಆಡೋದಾದ್ರೆ ಸರಿಯಾಗಿ ಆಡ್ಬೇಕು" ಎಂದಳು. ಅವನಿಗೆ ನಗು ಬಂತು. ಅವಳೇ ಅಳತೆಯಾಗಿ ಚೀಲಕ್ಕೆ ಸುರಿದಳು. ಅಂಟಿಸಲು ಕೈ ಚಾಚಿದಾಗ ಅವನು ಬೇಡವೆಂದು ಹಿಂದೆ ಸರಿದು, ಗೋಡೆ ಕಡೆ ತಿರುಗಿ, ಪೆನ್ನಿನ ಸುತ್ತಿನ ಮೇಲೆ ತಾನೇ ಅಂಟಿಸಿಕೊಂಡ. ತಿರುಗಿ ನೋಡಿದರೆ ಹೆಂಡತಿ ಕುರ್ಚಿಯ ಮೇಲೆ ಕೂತು ಜಡೆ ಬಿಚ್ಚುತ್ತಿದ್ದಳು.

ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ಆ ಕುರ್ಚಿಯಲ್ಲಿ ಕೂತದ್ದಿಲ್ಲ. ಗಂಡಸರ ಕೂದಲು ಕತ್ತರಿಸೋ ಕೈ ನನ್ನ ತಲೆಗೆ ಬೇಡ ಎಂದು ತಮಾಷೆ ಮಾಡುತ್ತಿದ್ದಳು. ಈಗ ತುದಿ ಸೀಳಿದೆ, ನಾಲ್ಕು ಬೆರಳು ತೆಗೀರಿ, ಗಿರಾಕಿಗೆ ಏನೇನು ಮಾಡ್ತೀರೋ ಎಲ್ಲ ಮಾಡಿ, ಒಂದೂ ಬಿಡಬೇಡಿ ಎಂದಳು.

ಅವನು ಎಲ್ಲ ಮಾಡಿದ. ಕೊರಳಿಗೆ ಬಟ್ಟೆ ಸುತ್ತಿದ. ಪೆಡಲು ತುಳಿದು ಕುರ್ಚಿ ಮೇಲಕ್ಕೆತ್ತಿದ. ಬೇಸಿನ್ನಿಗೆ ಬಗ್ಗಿಸಿ ತಲೆ ತೊಳೆದ. ಅವಳ ಎಡಕ್ಕೆ ನಿಂತು ಬಾಚಿ, ಬೆರಳ ನಡುವೆ ಹಿಡಿದು ಕತ್ತರಿ ಆಡಿಸಿದ. ಕುರ್ಚಿಯ ಕೈ ಎಂದಿನಂತೆ ಬಲಹೊಟ್ಟೆಗೆ ಒತ್ತಿತು, ಎಡಗಡೆ ಏನೂ ತಾಗಲಿಲ್ಲ. ಸೋರಿತೇನೋ ಎಂದು ಕಾದ. ಇನ್ನೂ ಬಾಗಿದ, ಬೇಕಂತಲೇ ಬಾಗಿದ, ಮೈ ತಿರುಚಿದ. ನೆಲಕ್ಕೆ ಬಿದ್ದ ಬಾಚಣಿಗೆಯನ್ನು ಕುಕ್ಕರಗಾಲಲ್ಲಿ ಕೂತು ಎತ್ತಿಕೊಂಡ. ಅಂಗಿಯ ಮೇಲಿಂದ ಕೈಯಿಟ್ಟು ನೋಡಿದ, ಒಣಗಿತ್ತು. ಚೀಲ ಅಲ್ಲಿದೆ ಎಂಬುದೇ ನಡುನಡುವೆ ಮರೆತುಹೋಗುತ್ತಿತ್ತು. ಹೀಗಾದರೆ ಅವನು ದಿನಪೂರ್ತಿ ನಿಂತು ಕೆಲಸ ಮಾಡಬಲ್ಲ, ಯಾವ ಗಿರಾಕಿಯನ್ನೂ ನೊರೆ ಸಮೇತ ಬಿಟ್ಟು ಓಡಬೇಕಾಗಿಲ್ಲ.

ಕತ್ತರಿಯ ಸದ್ದು ನಿಂತಿತು.

"ಯಾಕ್ರೀ?"

"ಸೋರ್ಲಿಲ್ಲ ಕಣೇ" ಎಂದ. ಕಾಯಿಲೆಯ ಹೆಸರು ಕೇಳಿದ ದಿನವೂ ಅಳದವನು, ಕುರ್ಚಿಯ ಬೆನ್ನು ಹಿಡಿದುಕೊಂಡು, ಕತ್ತರಿ ಇನ್ನೊಂದು ಕೈಯಲ್ಲಿರುವಂತೆಯೇ ಬಿಕ್ಕಿಬಿಕ್ಕಿ ಅತ್ತ. ಇನ್ನು ನೆಪವಿರಲಿಲ್ಲ. ಹುಟ್ಟಿದಾಗಿಂದ ಇದ್ದ ಮೈಯ ಒಂದು ಬಾಗಿಲನ್ನು ಹೊಲಿದುಬಿಡಿ ಎಂದು ಅವನೇ ಹೋಗಿ ಹೇಳಬೇಕಿತ್ತು.

ಹೆಂಡತಿ ಎದ್ದು ಬರಲಿಲ್ಲ. ಬಟ್ಟೆ ಸುತ್ತಿಕೊಂಡು ಕೂತಲ್ಲಿಂದಲೇ ಕನ್ನಡಿಯಲ್ಲಿ ಅವನನ್ನು ನೋಡುತ್ತಿದ್ದಳು.

"ಮೊನ್ನೆ ಮೇಷ್ಟ್ರ ಮುಂದೆ ಒಡೆದುಹೋಯ್ತಲ್ಲ" ಎಂದ ಅವನು, ಮೂಗೊರೆಸಿಕೊಳ್ಳುತ್ತ. "ನಾಚಿಕೆ ಆಯ್ತು, ನಿಜ. ಆದ್ರೆ ಒಳಗೊಳಗೆ ಖುಷಿನೂ ಆಯ್ತು ಕಣೇ. ಸದ್ಯ, ಬೇಡ ಅನ್ನೋಕೆ ಒಂದು ಕಾರಣ ಸಿಕ್ತಲ್ಲ ಅಂತ."

"ನನಗೂ ಖುಷಿ ಆಗಿತ್ತು" ಎಂದಳು.

ಎಡಚಣ್ಣ ತಲೆಯೆತ್ತಿದ. ಅವಳಿಗೆ ಹೇಸಿಗೆ ಆಗುತ್ತದೆ, ಅವಳಿಗೆ ಭಾರವಾಗುತ್ತೇನೆ ಎಂದು ಇಷ್ಟು ದಿನ ತಾನೇ ಅವಳ ಪರವಾಗಿ ಯೋಚಿಸಿ ಯೋಚಿಸಿ ಸಾಯುತ್ತಿದ್ದವನು, ಅವಳ ಬಾಯಿಂದ ನಿಜ ಕೇಳಿದಾಗ ಕುರ್ಚಿಯ ಬೆನ್ನು ಬಿಟ್ಟು ಅವಳ ಪಕ್ಕಕ್ಕೆ ಬಂದ.

"ಹೇಸಿಗೆ ಅಂತಲ್ಲ" ಎಂದಳು ಅವಳು. "ಮಕ್ಕಳದು ಬೇರೆ ರೀ. ಇವತ್ತು ಮಾಡ್ಕೊಂಡ್ರೂ ನಾಳೆ ಕಲೀತಾವೆ, ಒಂದಿನ ಮುಗಿಯುತ್ತೆ. ಅದೊಂದು ಧೈರ್ಯದ ಮೇಲೆ ತೊಳೀತೀನಿ. ನಿಮ್ಮದು ಮುಗಿಯಲ್ವಲ್ಲ ಅಂತ ಹೆದರಿಕೆ ಆಯ್ತು. ಈಗಲೂ ಇದೆ. ಅದಕ್ಕೇ ಅವತ್ತು ಅಕ್ಕನ ಮುಂದೆ ಬಾಯಿ ಬಿಡಲಿಲ್ಲ."

ಅವಳ ಕಣ್ಣಿಂದಲೂ ನೀರು ಇಳಿಯುತ್ತಿತ್ತು. ಕೈಗಳು ಬಟ್ಟೆಯ ಕೆಳಗಿದ್ದವು, ಒರೆಸಿಕೊಳ್ಳಲಿಲ್ಲ. ನೀನು ಮುಟ್ಟಬೇಕಾಗಿಲ್ಲ, ನನ್ನದು ನಾನೇ ನೋಡಿಕೊಳ್ಳುತ್ತೇನೆ ಎಂದು ಎಡಚಣ್ಣ ಹೇಳಬಹುದಿತ್ತು. ಕೈಯಲ್ಲಾಗದ ದಿನ ಬಂದರೆ ಎಂಬ ಮಾತು ಅದರ ಬೆನ್ನಿಗೇ ಬಂದದ್ದರಿಂದ ಅದನ್ನು ಹೇಳಲಿಲ್ಲ. ಟವೆಲಿನ ತುದಿಯಿಂದ ಅವಳ ಮುಖ ಒರೆಸಿದ.

"ಎಡಗಡೆಗೇ ಹಾಕಿ ಅಂತ ಹೇಳ್ತೀನಿ" ಎಂದ.

"ಹೇಳಿ" ಎಂದಳು. "ಅಕ್ಕನಿಗೆ ನಾನು ಹೇಳ್ತೀನಿ."

ಅವಳ ಕೂದಲು ಒಂದು ಪಕ್ಕ ಗಿಡ್ಡವಾಗಿತ್ತು, ಇನ್ನೊಂದು ಪಕ್ಕ ಹಾಗೇ ಇತ್ತು. ಈ ತಲೆ ಹೊತ್ಕೊಂಡು ನಾಳೆ ಮಕ್ಕಳ ಮುಂದೆ ಹೋದ್ರೆ ಹೆದರಿ ಅಳ್ತಾವೆ, ಅದನ್ನಾದ್ರೂ ಸಮ ಮಾಡಿ ಎಂದಳು. ಅವನು ಬಾಗಿ ಆಚೆ ಪಕ್ಕದ ಕೂದಲು ಕೈಗೆ ತೆಗೆದುಕೊಂಡ. ನಾಲ್ಕು ಬೆರಳು ಅಳೆದು ಕತ್ತರಿ ಇಟ್ಟ. ಅವಳು ಅಲುಗಾಡದೆ ಕೂತಳು.